ದಾಕ್ಷಾಯಣಮ್ಮನ ಕಾವಲು

ಕೊಟ್ಟೂರಿನ ಎಣ್ಣೆ ಅಂಗಡಿ ಅಮರೇಶನ ತಾಯಿ ದಾಕ್ಷಾಯಣಮ್ಮನ ಹೆಸರೆತ್ತಿದರೆ ಅವರ ಬಳಗದಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಉಗ್ರಾಣ. ಹಡಗಲಿಯಲ್ಲಿ ಮದುವೆಯಾಗಲಿ, ಹರಪನಹಳ್ಳಿಯಲ್ಲಿ ಗೃಹಪ್ರವೇಶವಾಗಲಿ, ಲಾಡು, ತುಪ್ಪ, ಗೋಡಂಬಿ ಇಟ್ಟ ಕೋಣೆಯ ಬಾಗಿಲಿಗೆ ಒಂದು ಕುರ್ಚಿ ಹಾಕಿ ಆಕೆಯನ್ನು ಕೂಡಿಸಿಬಿಟ್ಟರೆ ಸಾಕು, ಮನೆಯ ಯಜಮಾನ ನಿಶ್ಚಿಂತೆಯಿಂದ ಬೀಗರನ್ನು ಎದುರುಗೊಳ್ಳಲು ಹೋಗಬಹುದಿತ್ತು. 'ಕೂಸು ಅಳಾಕತ್ತೈತಿ, ಒಂದು ಲಾಡು ಕೊಡ್ರಿ' ಎಂದು ಯಾರಾದರೂ ಬಂದರೆ 'ಕೂಸನ್ನ ಕರ್ಕೊಂಬರ್ರಿ, ನೋಡೋಣ' ಎನ್ನುತ್ತಿದ್ದಳು. ಹಾಗೆ ಕೇಳಿ ಹೋದವರಲ್ಲಿ ಕೂಸಿನೊಂದಿಗೆ ಮರಳಿ ಬಂದವರು ಕಡಿಮೆ. ಈ ಕೆಲಸದಿಂದಾಗಿ ಆಕೆ ಲೆಕ್ಕವಿಲ್ಲದಷ್ಟು ಮದುವೆಗಳಿಗೆ ಹೋಗಿದ್ದರೂ ತಾಳಿ ಕಟ್ಟುವುದನ್ನು ಕಣ್ಣಾರೆ ನೋಡಿದ್ದು ತನ್ನದೊಂದೇ, ಅದೂ ತಲೆ ಬಗ್ಗಿಸಿಕೊಂಡಿದ್ದರಿಂದ ಅರ್ಧಮರ್ಧ. ಯಾರೋ ಕನಿಕರದಿಂದ ಕೇಳಿದ್ದಕ್ಕೆ, "ಅಕ್ಕಿಕಾಳು ಹಾಕಾಕ ಊರೆಲ್ಲ ಐತಿ. ಲಾಡು ನೋಡ್ಕೊಳಾಕ ಯಾರದಾರ?" ಎಂದಿದ್ದಳು.

ಇಂಥ ಕಾವಲುಗಾರ್ತಿ ಮನೆಯಲ್ಲೇ ಇರುವಾಗ ಮೊಮ್ಮಗಳನ್ನು ಕಾಯುವ ಕೆಲಸ ಬಂದರೆ ಬೇರೆಯವರನ್ನು ಹುಡುಕುವ ಮಾತೇ ಇರಲಿಲ್ಲ.

ಮೊಮ್ಮಗಳು ಅರ್ಚನಾ ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಮುಂದೆ ಧಾರವಾಡಕ್ಕೆ ಹೋಗಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂಬುದು ಅವಳ ಆಸೆ. ದಾಕ್ಷಾಯಣಮ್ಮನ ತಮ್ಮ ಶಿವಯೋಗಪ್ಪನಿಗೆ ಅವಳನ್ನು ಚಿಗಟೇರಿಯಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡಿರುವ ಹುಡುಗನಿಗೆ ಕೊಡಿಸಬೇಕೆಂಬ ಆಸೆ. ಇಬ್ಬರ ನಡುವೆ ಸಿಕ್ಕಿಬಿದ್ದ ಅಮರೇಶನಿಗೆ ಸ್ವಂತದ್ದೆನ್ನುವ ಆಸೆಯೇ ಇರಲಿಲ್ಲ. ಮಗಳು ಮಾತಾಡುವಾಗ ಮಗಳು ಹೇಳುವುದು ಸರಿ ಎನಿಸುತ್ತಿತ್ತು, ಸೋದರಮಾವ ಮಾತಾಡುವಾಗ ಮಾವ ಹೇಳುವುದು. ಇಬ್ಬರೂ ಒಟ್ಟಿಗೆ ಮಾತಾಡಿದರೆ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾನೆಂದು ಎದ್ದು ಹೋಗುತ್ತಿದ್ದ.

ದಸರಾ ರಜೆ ಮುಗಿದ ಮೇಲೆ ಕಾಲೇಜಿನ ನೇಚರ್ ಕ್ಲಬ್ಬಿನವರು ಗುಡೇಕೋಟೆ ಕಡೆಯ ಕರಡಿ ಕಾಡಿನಲ್ಲಿ ಮೂರು ದಿನದ ಶಿಬಿರ ಇಟ್ಟುಕೊಂಡರು. ಅಲ್ಲೇ ಇದ್ದು, ಅಲ್ಲೇ ಉಂಡು, ಗಿಡಮರ ಪ್ರಾಣಿಪಕ್ಷಿ ನೋಡಿ ಬರುವುದು. ಸುದ್ದಿ ಕೇಳಿ ಶಿವಯೋಗಪ್ಪ ಮಧ್ಯಾಹ್ನದ ಊಟ ಬಿಟ್ಟು ಓಡಿ ಬಂದ.

"ಮನಿ ಬಿಟ್ಟು ಅಡವ್ಯಾಗ ಮಲಗೋದಾ? ಗಂಡು ಹುಡುಗ್ರ ಸಂಗಾಟ? ಇವತ್ತು ಇದಕ್ಕ ಕಳಿಸಿದ್ರ ನಾಳೆ ಧಾರವಾಡಕ್ಕೂ ಕಳಿಸಬೇಕಾಕ್ಕೈತಿ, ನೋಡಪಾ."

"ಹಂಗ ಮಾಡ್ರಿ ಅಜ್ಜಾ," ಎಂದಳು ಅರ್ಚನಾ ತಣ್ಣಗೆ. "ಇದಕ್ಕ ಕಳಿಸಿ ನೋಡ್ರಿ. ನೆಟ್ಟಗ ಇದ್ದು ಬಂದ್ರ ಧಾರವಾಡಕ್ಕ ಕಳಿಸ್ರಿ. ಇಲ್ಲಾಂದ್ರ ನೀವು ಹೇಳಿದ ಕಡೆ ಮದುವಿ ಆಗ್ತೀನಿ."

ಅಮರೇಶ ಅಂಗಡಿಯ ಕಡೆ ನೋಡಿದ. ಅಂದು ಒಬ್ಬ ಗಿರಾಕಿಯೂ ಇರಲಿಲ್ಲ. ಬೇರೆ ದಾರಿ ಕಾಣದೆ, "ಅವ್ವನೂ ಹೋಗಲಿ. ಕಣ್ಣಾರೆ ನೋಡಿ ಬಂದು ಆಕಿ ಏನಂತಾಳೋ ಅದ ಆಖೈರು," ಎಂದುಬಿಟ್ಟ. ಹೀಗೆ ಒಂದು ಹುಡುಗಿಯ ಓದು, ಮದುವೆ ಎಲ್ಲವೂ ದಾಕ್ಷಾಯಣಮ್ಮನ ಒಂದು ಮಾತಿಗೆ ಬಂದು ನಿಂತಿತು.

ಯಾರಿಗೂ ಗೊತ್ತಿಲ್ಲದ ಸಂಗತಿಯೆಂದರೆ, ಆ ಮಾತು ಯಾವುದೆಂದು ದಾಕ್ಷಾಯಣಮ್ಮ ಹೊರಡುವ ಮೊದಲೇ ತೀರ್ಮಾನಿಸಿದ್ದಳು. ಬ್ಯಾಡ ಅನ್ನುವುದು. ಚಿಗಟೇರಿಯ ಹುಡುಗನ ಮೇಲೆ ಆಕೆಗೆ ಅಂಥ ಮೋಹವೇನೂ ಇರಲಿಲ್ಲ. ಒಂದೆರಡು ವರ್ಷ ತಳ್ಳಿದರೆ ಅವನೂ ಬೇರೆ ಕಡೆ ಕಟ್ಟಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ತನಗೊಬ್ಬ ತಮ್ಮ ಹುಟ್ಟಿ ತಾಯಿ ಬಾಣಂತಿಯಾಗಿದ್ದಾಗ ಅಜ್ಜಿಯ ಮಗ್ಗುಲಿಗೆ ಬಂದು ಮಲಗಿದ ಅರ್ಚನಾ ಮತ್ತೆ ಅಲ್ಲಿಂದ ಎದ್ದು ಹೋಗಿರಲಿಲ್ಲ. ಓಣಿಯವರ ವಿಷಯ ಮಾತಾಡಿ ಮಾತಾಡಿ, 'ಸಾಕು ಮಲ್ಕೋ ಅಜ್ಜಿ' ಎಂದು ಮೊಮ್ಮಗಳಿಂದ ಬೈಸಿಕೊಂಡ ಮೇಲೇ ಮುದುಕಿಗೆ ನಿದ್ದೆ ಬರುತ್ತಿದ್ದುದು. ಅವಳು ಹೋದರೆ ಆ ಮಾತೆಲ್ಲ ಯಾರಿಗೆ ಹೇಳುವುದು? ಮನೆ ತುಂಬ ಜನ ಇದ್ದರು, ಆದರೆ ಕೇಳುವವರು ಇರಲಿಲ್ಲ.

ಶಿಬಿರಕ್ಕೆ ಆಕೆ ತಂದ ಸಾಮಾನು ಇಳಿಸಲು ಇಬ್ಬರು ಹುಡುಗರು ಬೇಕಾದರು. ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿಯ ಡಬ್ಬಿ, ಚಾಪೆ, ಜಮಖಾನ, ಇವೆಲ್ಲದರ ಜೊತೆಗೆ ಅಂಗಡಿಯ ಷಟರ್‌ಗೆ ಹಾಕುವ ದೊಡ್ಡ ಬೀಗ. ಹುಡುಗಿಯರ ಕೋಣೆಯ ಚಿಲಕಕ್ಕೆ ಅದು ಹೊಂದಲಿಲ್ಲ. ಹೊಂದದ ಬೀಗವನ್ನು ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಬಾಗಿಲಿಗೆ ಒಂದು ಕುರ್ಚಿ ಎಳೆದುಕೊಂಡು ಆಕೆ ಕೂತಳು.

ಶಿಬಿರದ ಯಜಮಾನಿಕೆ ಶಾಂತಕುಮಾರಿ ಎಂಬ ಸಸ್ಯಶಾಸ್ತ್ರದ ಮೇಡಂ ಅವರದು. ತರಗತಿಯಲ್ಲಿ ಎಲ್ಲರ ಹಾಗೆ ಮಾತಾಡುವ ಹೆಂಗಸು ಕಾಡಿಗೆ ಬಂದ ಕೂಡಲೇ ಪುಸ್ತಕದ ಕನ್ನಡಕ್ಕೆ ತಿರುಗಿಬಿಟ್ಟಿದ್ದರು. "ಶಿಬಿರಾರ್ಥಿಗಳೇ, ಇಲ್ಲಿ ಗಟ್ಟಿಯಾಗಿ ಮಾತನಾಡಬಾರದು. ಯಾವ ಹಣ್ಣನ್ನೂ ಹೂವನ್ನೂ ಕೀಳಬಾರದು, ಅವು ಪ್ರಾಣಿಗಳ ಪಾಲು. ಯಾರೂ ಒಂಟಿಯಾಗಿ ಹೋಗಬಾರದು. ಪ್ರತಿಯೊಬ್ಬರಿಗೂ ಒಂದು ಜೋಡಿ ಇರುತ್ತದೆ, ಜೋಡಿಯನ್ನು ಬಿಟ್ಟು ಅಗಲಬಾರದು."

ದಾಕ್ಷಾಯಣಮ್ಮನ ಕಿವಿ ನೆಟ್ಟಗಾದವು. ಮೇಡಂ ಹೆಸರು ಓದುತ್ತ ಹೋಗಿ, "ಅರ್ಚನಾಗೆ ಜೋಡಿ ತಿಪ್ಪೇಶ," ಎಂದರು.

"ಏನ್ರಿ ಅದು?" ಎಂದು ದಾಕ್ಷಾಯಣಮ್ಮ ಕುರ್ಚಿಯಿಂದಲೇ ಕೂಗಿದಳು. ಗಟ್ಟಿಯಾಗಿ ಮಾತಾಡಬಾರದೆಂಬ ನಿಯಮ ಮುರಿದದ್ದು ಹೀಗೆ. "ಹಾಡ್ಯಾಹಗಲ ಜೋಡಿ ಮಾಡಾಕತ್ತೀರಲ್ಲ, ಅವರಪ್ಪನ್ನ ಕೇಳೀರೇನು?"

ಮೇಡಂಗೆ ಪುಸ್ತಕದ ಕನ್ನಡ ಮರೆತುಹೋಯಿತು. "ಅಯ್ಯ, ಆ ಜೋಡಿ ಅಲ್ರೀ ಅಮ್ಮಾರ. ನಡಿಯಾಕ ಒಬ್ರಿಗೊಬ್ರು ಜೋಡಿ. ನಿಮಗೂ ಒಂದು ಜೋಡಿ ಕೊಡ್ತೀವ್ರಿ."

"ನನ್ನ ಜೋಡಿ ಶಿವನ ಪಾದ ಸೇರಿ ಬಾಳ ವರ್ಷ ಆತು. ಹೊಸಾದು ಬ್ಯಾಡ ನಂಗ."

ನಗು ನಿಲ್ಲಲು ಹೊತ್ತು ಹಿಡಿಯಿತು. ಎಲ್ಲರೂ ನಗುತ್ತಿರುವಾಗಲೇ ದಾಕ್ಷಾಯಣಮ್ಮನಿಗೆ ಉಪಾಯ ಹೊಳೆಯಿತು. ಆ ಹುಡುಗನನ್ನು ಮೊಮ್ಮಗಳಿಂದ ದೂರ ಇಡಬೇಕಾದರೆ ತಾನೇ ಅವನನ್ನು ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ? "ಆತು, ಆ ತಿಪ್ಪೇಶನ್ನ ನಂಗ ಕೊಡ್ರಿ," ಎಂದಳು. ಅರ್ಚನಾಗೆ ಬೇರೊಬ್ಬ ಹುಡುಗಿ ಜೋಡಿಯಾದಳು.

ತಿಪ್ಪೇಶ ಕೂಡ್ಲಿಗಿ ಹತ್ತಿರದ ಹಳ್ಳಿಯವನು. ಅಪ್ಪ ಬಸ್ ಕಂಡಕ್ಟರ್, ಅವ್ವ ಅಂಗನವಾಡಿ ಟೀಚರ್. ಕೊರಳಲ್ಲಿ ದುರ್ಬೀನು, ಕಾಲಲ್ಲಿ ಅಣ್ಣನ ದೊಡ್ಡ ಬೂಟು. ದಾಕ್ಷಾಯಣಮ್ಮ ಹತ್ತು ಹೆಜ್ಜೆ ಹೋಗುವುದರೊಳಗೆ ತನ್ನ ವಿಚಾರಣೆ ಶುರುಮಾಡಿದಳು.

"ನೀವು ಯಾವ ಪೈಕಿಯವರಪ್ಪಾ?"

"ನೇಚರ್ ಕ್ಲಬ್ ಪೈಕಿ ರೀ, ಅಜ್ಜಿ."

ಆಕೆ ಅವನ ಮುಖ ನೋಡಿದಳು. ಹುಡುಗ ನಗುತ್ತಿರಲಿಲ್ಲ, ಆದರೆ ನಗದೇ ಇರಲು ಪ್ರಯಾಸಪಡುತ್ತಿದ್ದ. ಇಡೀ ಬಳಗದಲ್ಲಿ ಆಕೆಯ ಪ್ರಶ್ನೆಯೊಂದಕ್ಕೆ ಯಾರೂ ಹೀಗೆ ಉತ್ತರಿಸಿರಲಿಲ್ಲ. ದಾಕ್ಷಾಯಣಮ್ಮನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಸಂಜೆ ಅವನ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು.

ಕಾವಲು ಮಾತ್ರ ಸಪ್ಪೆಯಾಗಿತ್ತು. ಕಾಯುವುದಕ್ಕೆ ಏನಾದರೂ ಇರಬೇಕಲ್ಲ. ಗಂಡು ಹುಡುಗರು ಹುಡುಗಿಯರ ಮುಖವನ್ನೇ ನೋಡುತ್ತಿರಲಿಲ್ಲ, ಎಲ್ಲರೂ ಸೇರಿ ನೆಲ ನೋಡುತ್ತಿದ್ದರು. ದಾರಿಯಲ್ಲಿ ಕರಡಿಯ ಲದ್ದಿ ಸಿಕ್ಕಿತೆಂದರೆ ಸುತ್ತ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಕೆದಕಿ, ಕರಡಿ ಬಾರೆಹಣ್ಣು ತಿಂದಿತ್ತೋ ಕಕ್ಕೆಕಾಯಿ ತಿಂದಿತ್ತೋ ಎಂದು ವಾದ ಹೂಡುತ್ತಿದ್ದರು. "ಕರಡಿ ಹೇಲು ನೋಡಾಕ ಇಷ್ಟು ದೂರ ಬರಬೇಕಿತ್ತಾ?" ಎಂದು ದಾಕ್ಷಾಯಣಮ್ಮ ಗೊಣಗಿದಳು. ಮೂಗಿಗೆ ಸೆರಗು ಹಿಡಿದೇ ಬಗ್ಗಿ ನೋಡಿದಳು ಕೂಡ.

ಆಕೆಯನ್ನು ನಿಜಕ್ಕೂ ಕಂಗೆಡಿಸಿದ್ದು ಬೇರೆ. ಮನೆಯಲ್ಲಿ ತಟ್ಟೆ ನೋಡುತ್ತ ಉಂಡು ಏಳುವ ಅರ್ಚನಾ ಇಲ್ಲಿ ಎಲ್ಲರ ಮುಂದೆ ನಡೆಯುತ್ತಿದ್ದಳು. ಯಾವುದೋ ಗಿಡದ ಎಲೆ ತೋರಿಸಿ ಏನೋ ಹೇಳಿದರೆ ಹುಡುಗರು ಸುಮ್ಮನೆ ನಿಂತು ಕೇಳುತ್ತಿದ್ದರು, ಮೇಡಂ ಕೂಡ ತಲೆಯಾಡಿಸುತ್ತಿದ್ದರು. ತಪ್ಪು ಹಿಡಿಯಲು ಬಂದವಳಿಗೆ ತಪ್ಪೊಂದೂ ಸಿಗಲಿಲ್ಲ, ಅದಕ್ಕೆ ಬದಲು ತನಗೆ ಗೊತ್ತಿಲ್ಲದ ಮೊಮ್ಮಗಳು ಸಿಕ್ಕಿದ್ದಳು. ಈ ಹುಡುಗಿ ಇನ್ನು ಮನೆಯಲ್ಲಿ ನಿಲ್ಲುವವಳಲ್ಲ ಎಂದು ದಾಕ್ಷಾಯಣಮ್ಮನಿಗೆ ಆಗಲೇ ಗೊತ್ತಾಯಿತು. ಗೊತ್ತಾದದ್ದಕ್ಕೇ 'ಬ್ಯಾಡ' ಎನ್ನುವ ಮಾತನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಎರಡನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಬಂಡೆಗುಡ್ಡದ ಕಡೆ ಹೊರಟರು. ದಾಕ್ಷಾಯಣಮ್ಮ ಮತ್ತು ತಿಪ್ಪೇಶ ಎಂದಿನಂತೆ ಕೊನೆಯಲ್ಲಿ. ದಾರಿಯ ಪಕ್ಕದಲ್ಲಿ ಕರಡಿ ಕೆದರಿದ ಹುತ್ತವೊಂದು ಕಂಡು ತಿಪ್ಪೇಶ ಅದರ ಮುಂದೆ ಮಂಡಿಯೂರಿದ. ಅದೇ ಹೊತ್ತಿಗೆ ದಾಕ್ಷಾಯಣಮ್ಮನಿಗೆ ಬಂಡೆಯಾಚೆ ಸೀತಾಫಲದ ಗಿಡಗಳು ಕಂಡವು. ಒಂದಲ್ಲ ಎರಡಲ್ಲ, ಇಳಿಜಾರಿನ ತುಂಬ. ಹಣ್ಣೆಲ್ಲ ಕಣ್ಣು ಬಿಟ್ಟು ನಿಂತಿದ್ದವು.

ಕೊಟ್ಟೂರಿನ ಸಂತೆಯಲ್ಲಿ ಇಂಥ ಹಣ್ಣಿಗೆ ಚೌಕಾಸಿ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡ ಹೆಂಗಸು ಆಕೆ. ಇಲ್ಲಿ ಅವು ಪುಕ್ಕಟೆ ಹಣ್ಣಾಗಿ, ಪುಕ್ಕಟೆ ಉದುರಿ, ಇರುವೆ ಮುತ್ತಿಕೊಂಡು ಹಾಳಾಗುತ್ತಿದ್ದವು. ಪ್ರಾಣಿಗಳ ಪಾಲಂತೆ. ಇಷ್ಟೂ ಹಣ್ಣು ತಿನ್ನಲು ಕರಡಿಗೆ ಎಷ್ಟು ಹೊಟ್ಟೆ? ತಿಪ್ಪೇಶನನ್ನು ಕರೆದರೆ ಅವನು ನಿಯಮ ಹೇಳುತ್ತಾನೆ. ಹುಡುಗನ ಬೆನ್ನು ಇತ್ತ ಇರುವಾಗಲೇ ದಾಕ್ಷಾಯಣಮ್ಮ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಬಂಡೆ ಬಳಸಿ ಜಾರಿಕೊಂಡಳು. ಜೀವಮಾನವೆಲ್ಲ ಉಗ್ರಾಣ ಕಾದವಳಿಗೆ ಕದಿಯುವವರು ಹೇಗೆ ಬರುತ್ತಾರೆಂದು ಚೆನ್ನಾಗಿ ಗೊತ್ತಿತ್ತು.

ಒಂದು ಹಣ್ಣು ತಿಂದಳು, ಇನ್ನೊಂದು ತಿಂದಳು, ಮತ್ತೊಂದು, ಮಗದೊಂದು, ಆಮೇಲೆ ಸೆರಗು ತುಂಬಿಕೊಂಡಳು. ಈ ಗಿಡಕ್ಕಿಂತ ಆ ಗಿಡದಲ್ಲಿ ದಪ್ಪ ಕಂಡವು. ಅಲ್ಲಿಂದ ಇನ್ನೊಂದಕ್ಕೆ. ಸಾಕೆನಿಸಿ ತಿರುಗಿ ನೋಡಿದರೆ ಬಂದ ಬಂಡೆ ಯಾವುದೆಂದು ತಿಳಿಯಲಿಲ್ಲ. ಎಲ್ಲ ಬಂಡೆಗಳಿಗೂ ಒಂದೇ ಮುಖ. ಬಲಕ್ಕೆ ಹೋದಳು, ಮುಳ್ಳು. ಎಡಕ್ಕೆ ಹೋದಳು, ಇನ್ನಷ್ಟು ಮುಳ್ಳು. ಕೂಗಿದಳು. ಕೂಗು ಬಂಡೆಗೆ ಬಡಿದು ಆಕೆಗೇ ವಾಪಸು ಬಂತು.

ಇತ್ತ ತಿಪ್ಪೇಶ ಹುತ್ತದಿಂದ ತಲೆಯೆತ್ತಿದಾಗ ಅಜ್ಜಿ ಇರಲಿಲ್ಲ. ಅವನು ಓಡಿ ಬಂದು ಹೇಳಿದ್ದೇ ತಡ ಶಿಬಿರ ಕಲಕಿಹೋಯಿತು. ಶಾಂತಕುಮಾರಿ ಮೇಡಂ ಮನೆಯವರಿಗೆ ತಿಳಿಸಬೇಕೆಂದು ಫೋನು ಹಿಡಿದು, ಆ ಕಾಡಿನಲ್ಲಿ ನೆಟ್‌ವರ್ಕ್ ಸಿಗುತ್ತಿದ್ದ ಒಂದೇ ಬಂಡೆಯನ್ನು ಹತ್ತಿದರು. ಅದೂ ತುಂಡುತುಂಡಾಗಿ ಸಿಗುವ ನೆಟ್‌ವರ್ಕ್. "ಸರ್, ಅರ್ಚನಾನ ಅಜ್ಜಿ ಅಡವ್ಯಾಗ ದಾರಿ ತಪ್ಪ್ಯಾರ," ಎಂದು ಅವರು ಏದುಸಿರಿನಲ್ಲಿ ಹೇಳಿದರು. ಕೊಟ್ಟೂರಿನಲ್ಲಿ ಎಣ್ಣೆ ಅಳೆಯುತ್ತಿದ್ದ ಅಮರೇಶನಿಗೆ ಕೇಳಿಸಿದ್ದು, "ಅರ್ಚನಾ... ದಾರಿ ತಪ್ಪ್ಯಾರ." ಆಮೇಲೆ ಲೈನು ಸತ್ತಿತು.

ಹೆಣ್ಣುಮಗಳೊಬ್ಬಳು ದಾರಿ ತಪ್ಪಿದಳೆಂದರೆ ನಮ್ಮ ಕಡೆ ಯಾರೂ ನಕ್ಷೆ ಹುಡುಕುವುದಿಲ್ಲ. ಅಮರೇಶನ ಕೈಯಲ್ಲಿದ್ದ ಎಣ್ಣೆ ಗಿರಾಕಿಯ ಕಾಲಮೇಲೆ ಸುರಿಯಿತು. ಅಂಗಡಿಯಲ್ಲೇ ಕೂತಿದ್ದ ಶಿವಯೋಗಪ್ಪ, "ನಾ ಹೇಳಿದ್ದಿಲ್ಲಾ?" ಎಂದು ಎದ್ದು ನಿಂತ. 'ತಪ್ಪ್ಯಾಳ' ಎನ್ನದೆ 'ತಪ್ಪ್ಯಾರ' ಎಂದರಲ್ಲ, ಇಪ್ಪತ್ತರ ಹುಡುಗಿಗೆ ಮೇಡಂ ಯಾಕೆ ಅಷ್ಟು ಮರ್ಯಾದೆ ಕೊಟ್ಟರು ಎಂದು ಇಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ. ಸಿಟ್ಟು ಬಂದವರಿಗೆ ವ್ಯಾಕರಣ ಕೇಳಿಸುವುದಿಲ್ಲ. ಕಾರು ಹೊರಟಿತು.

ಮೇಡಂ ಬಂಡೆಯ ಮೇಲೆ ಫೋನನ್ನು ಆಕಾಶಕ್ಕೆ ಹಿಡಿದು ನಿಂತಿದ್ದಾಗ ಕೆಳಗೆ ಹುಡುಕುವ ಕೆಲಸ ಕೈಗೆ ತೆಗೆದುಕೊಂಡವಳು ಅರ್ಚನಾ. ಅತ್ತವಳಲ್ಲ, ಕಿರುಚಿದವಳಲ್ಲ. ಜೋಡಿ ಜೋಡಿಯಾಗಿ ಒಂದೊಂದು ಕಡೆಗೆ ಕಳಿಸಿ, ಕೂಗು ಕೇಳಿಸುವಷ್ಟು ದೂರವೇ ಹೋಗಬೇಕೆಂದು ತಾಕೀತು ಮಾಡಿ, ತನ್ನ ಜೋಡಿಯನ್ನು ಕೂಗಿನಳತೆಯಲ್ಲಿ ನಿಲ್ಲಿಸಿ ತಾನು ಇಳಿಜಾರಿನ ಕಡೆ ಹೊರಟಳು. ಅಲ್ಲಿ ಸೀತಾಫಲ ಇದೆಯೆಂದು ಅವಳಿಗೆ ಗೊತ್ತಿತ್ತು. ಅಜ್ಜಿಯೂ ಗೊತ್ತಿತ್ತು.

ದಾಕ್ಷಾಯಣಮ್ಮ ಒಂದು ಬಂಡೆಯ ಬುಡದಲ್ಲಿ ಸೆರಗು ಬಿಗಿಹಿಡಿದು ಕೂತಿದ್ದಳು. ಹೊತ್ತು ಇಳಿಯುತ್ತಿತ್ತು. ಎದುರಿನ ಪೊದೆ ಸರಸರ ಎಂದಿತು. ಕರಡಿ ತನ್ನ ಪಾಲು ಕೇಳಲು ಬಂದಿದೆ ಎಂಬುದರಲ್ಲಿ ಆಕೆಗೆ ಸಂಶಯವೇ ಉಳಿಯಲಿಲ್ಲ.

"ತಗೋಪಾ," ಎಂದು ಒಂದು ಹಣ್ಣನ್ನು ಪೊದೆಯತ್ತ ಎಸೆದಳು. "ನಿಂದು ನೀ ತಿನ್ನು." ಪೊದೆ ಇನ್ನೂ ಅಲುಗಿತು. "ಇನ್ನೊಂದು ತಗೋ. ನಾ ತಿಂದದ್ದು ಎರಡ. ಆಣಿ ಮಾಡ್ತೀನಿ." ನಿಜಕ್ಕೂ ತಿಂದದ್ದು ಐದು, ಆದರೆ ಕರಡಿಗೆ ಹೇಗೆ ತಿಳಿಯಬೇಕು? ಒಂದಾದ ಮೇಲೊಂದರಂತೆ ಸೆರಗು ಬರಿದಾಗುವವರೆಗೆ ಎಸೆದಳು. ಕೊನೆಯ ಹಣ್ಣು ಪಚ್ಚೆಂದು ಯಾವುದಕ್ಕೋ ಬಡಿಯಿತು. ಪೊದೆಯಿಂದ ಅರ್ಚನಾ ಹೊರಬಂದಳು, ಭುಜದ ಮೇಲೆ ಸೀತಾಫಲದ ತಿರುಳು ಮೆತ್ತಿಕೊಂಡು.

ಮುದುಕಿ ಮೊಮ್ಮಗಳನ್ನು ತಬ್ಬಿಕೊಂಡು ಅತ್ತಳು. ಅರ್ಚನಾ ಆಕೆಯ ಕೈಕಾಲು ಮುಟ್ಟಿ ಪೆಟ್ಟಾಗಿಲ್ಲವೆಂದು ನೋಡಿಕೊಂಡಳು. ಆಮೇಲೆ ಅವಳಿಗೆ ಸಿಟ್ಟು ಬಂತು.

"ಜೋಡಿ ಬಿಟ್ಟು ಯಾಕ ಬಂದಿ? ಕರಡಿ ಬಂದಿದ್ರ ಏನ್ ಗತಿ? ಇಲ್ಲಿ ಇರೋ ಮಟ ನಾ ಹೇಳಿದಂಗ ನೀ ಕೇಳಬೇಕು, ತಿಳೀತಾ?"

ಎದುರಾಡಿ ಅಭ್ಯಾಸವಿದ್ದ ದಾಕ್ಷಾಯಣಮ್ಮನಿಗೆ ಬೈಸಿಕೊಂಡು ಅಭ್ಯಾಸವಿರಲಿಲ್ಲ. ರಾತ್ರಿ ಮಲಗುವಾಗಿನ ಬೈಗುಳ ಬೇರೆ, ಇದು ಬೇರೆ. ಅವಮಾನದಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ನಾ ಯಾಕ ಬಿಡ್ಲಿ? ನೀವ ನನ್ನ ಬಿಟ್ಟು ಹೋದ್ರಿ."

ಅರ್ಚನಾ ಕೆಳಗೆ ಬಿದ್ದಿದ್ದ ಹಣ್ಣುಗಳನ್ನು ನೋಡಿದಳು, ಅಜ್ಜಿಯ ಅಂಟಂಟು ಕೈಗಳನ್ನು ನೋಡಿದಳು. ಕೈಹಿಡಿದು ನಡೆಸಿಕೊಂಡು ಹೋದಳು. ಶಿಬಿರ ತಲುಪಿದ ಮೇಲೂ ದಾಕ್ಷಾಯಣಮ್ಮ ಅದೇ ಮಾತು ಹೇಳಿದಳು. ಎರಡನೆಯ ಸಲ ಹೇಳುವುದು ಸುಲಭವಾಗಿತ್ತು. ತಿಪ್ಪೇಶ ಮುಂದೆ ಬಂದ. "ನಾ ಹುತ್ತ ನೋಡ್ಕೋತ ಕುಂತೆ ರೀ. ತಪ್ಪು ನಂದ," ಎಂದ.

ಅಜ್ಜಿಯನ್ನು ಒಳಗೆ ಕೂಡಿಸಿ ಚಹಾ ಕೊಡುವಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಕಿಟಕಿಯಿಂದ ದಾಕ್ಷಾಯಣಮ್ಮನಿಗೆ ಎಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು. ಅಮರೇಶ ಬಾಗಿಲು ಮುಚ್ಚುವುದನ್ನೂ ಮರೆತು ಇಳಿದ.

"ಎಲ್ಲಿ ಅದಾಳ?"

"ಸಿಕ್ರು ಸರ್," ಎಂದರು ಶಾಂತಕುಮಾರಿ ಮೇಡಂ ಸಮಾಧಾನದಿಂದ. "ಗಾಬರಿ ಆಗಬ್ಯಾಡ್ರಿ. ಒಳಗ ಚಾ ಕುಡಿಯಾಕತ್ತಾರ."

"ಚಾ ಕುಡಿಯಾಕತ್ತಾಳಾ?" ಶಿವಯೋಗಪ್ಪ ಮುಂದೆ ಬಂದ. "ಯಾರ ಜೋಡಿ ಹೋಗಿದ್ಲು ಅದನ್ನ ಹೇಳ್ರಿ ಮೊದ್ಲು."

"ನಮ್ಮ ತಿಪ್ಪೇಶನ ಜೋಡಿ ರೀ. ನಾವ ಜೋಡಿ ಮಾಡಿದ್ವಿ."

"ನೀವ ಜೋಡಿ ಮಾಡಿದ್ರಾ?"

"ಹೌದ್ರಿ. ಮೊದ್ಲು ಅವರು ಒಲ್ಲೆ ಅಂದ್ರು. ಆಮ್ಯಾಲ ತಾವ ಬೇಕು ಅಂತ ಕೇಳಿ ತಗೊಂಡ್ರು. ಇಬ್ರೂ ಬಾಳ ಹೊಂದ್ಕೊಂಡಿದ್ರು."

ಶಿವಯೋಗಪ್ಪ ಕಾರಿನ ಬಾನೆಟ್ಟಿಗೆ ಆತುಕೊಂಡ. ಅಮರೇಶನ ಕಣ್ಣಲ್ಲಿ ನೀರು ಬಂದಿತ್ತು. ಆಗ ಚಹಾದ ಲೋಟ ಹಿಡಿದು ಅರ್ಚನಾ ಹೊರಗೆ ಬಂದು, "ಅಪ್ಪಾಜಿ, ನೀವ್ಯಾಕ ಬಂದ್ರಿ? ಅಜ್ಜಿ ಆರಾಮ ಅದಾಳ," ಎಂದಳು.

ಯಾರು ದಾರಿ ತಪ್ಪಿದ್ದೆಂದು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅಮರೇಶ ಸಂಕೋಚದಿಂದ, "ಅರ್ಚನಾ ತಪ್ಪ್ಯಾರ ಅಂದಂಗ ಕೇಳಿಸ್ತು," ಎಂದ.

"ಅರ್ಚನಾನ್ನ ನಾ ಯಾಕ ಬಹುವಚನದಾಗ ಕರೀಲಿ ಸರ್?" ಎಂದರು ಮೇಡಂ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಶಿವಯೋಗಪ್ಪ ಸೋಲು ಒಪ್ಪುವವನಲ್ಲ. ಬಿದ್ದುಹೋದ ತನ್ನ ವಾದವನ್ನು ಬೇರೆ ಕಡೆಯಿಂದ ಎತ್ತಿಕೊಂಡ. "ಹಂಗಾದ್ರ ನಮ್ಮ ಅಕ್ಕನ್ನ ಕರಡಿ ಅಡವ್ಯಾಗ ಬಿಟ್ಟು ಬಂದೀರಿ ಅಂದಂಗಾತು. ಒಂದು ಮುದುಕೀನ್ನ ನೋಡ್ಕೊಳಾಕ ಆಗಲಿಲ್ಲ ಇವರಿಗೆ, ಕೇಳಿದ್ಯಾ ಅಮರೇಶ? ನಾಳೆ ಊರು ಬಿಟ್ಟು ಊರಿಗೆ ಹೋದ ಹುಡುಗೀನ್ನ ಯಾರು ನೋಡ್ಕೊಂತಾರ? ಧಾರವಾಡದ ಮಾತು ಇಲ್ಲಿಗೆ ಮುಗೀತು."

ತಿಪ್ಪೇಶ ತಲೆ ತಗ್ಗಿಸಿ, "ತಪ್ಪು ನಂದ ರೀ," ಎಂದ ಮತ್ತೆ.

ಅಮರೇಶ ಎಂದಿನಂತೆ ಮಾವನ ಮುಖ ನೋಡಿದ, ಮಗಳ ಮುಖ ನೋಡಿದ, ಕೊನೆಗೆ ಬಾಗಿಲಿಗೆ ಬಂದು ನಿಂತಿದ್ದ ತಾಯಿಯ ಕಡೆ ತಿರುಗಿದ. "ಅವ್ವಾ, ನೀ ಹೇಳು. ಇವರು ನಿನ್ನ ಬಿಟ್ಟು ಹೋದ್ರಾ?"

ಹೂಂ ಎಂದರೆ ಮುಗಿಯುತ್ತಿತ್ತು. ಹೂಂ ಎನ್ನಲು ಬಾಯಿ ತೆರೆಯುವುದೂ ಬೇಕಿರಲಿಲ್ಲ. ಧಾರವಾಡ ಹೋಗುತ್ತಿತ್ತು, ಮೊಮ್ಮಗಳು ಉಳಿಯುತ್ತಿದ್ದಳು, ಮಗ್ಗುಲ ಹಾಸಿಗೆ ಖಾಲಿಯಾಗುತ್ತಿರಲಿಲ್ಲ, ಮಾನವೂ ಉಳಿಯುತ್ತಿತ್ತು. ಬೇಡಿಕೊಂಡು ಬಂದ ಹಾಗೆ ಎಲ್ಲವೂ ತಾನಾಗಿ ಕೈಗೆ ಬಂದಿತ್ತು. ದಾಕ್ಷಾಯಣಮ್ಮ ಅರ್ಚನಾಳ ಕಡೆ ನೋಡಿದಳು. ಹುಡುಗಿಯ ಭುಜದ ಮೇಲೆ ಸೀತಾಫಲದ ತಿರುಳು ಇನ್ನೂ ಒಣಗಿರಲಿಲ್ಲ. ಅದನ್ನು ತೋರಿಸಿ ಒಂದು ಮಾತು ಹೇಳಿದ್ದರೆ ಅಜ್ಜಿಯ ಬಣ್ಣ ಬಯಲಾಗುತ್ತಿತ್ತು. ಅವಳು ತೋರಿಸಲಿಲ್ಲ. ತಂದೆಗೂ ಸೋದರಜ್ಜನಿಗೂ ಆ ಕಲೆ ಕಾಣದಿರಲೆಂದು ದುಪಟ್ಟಾವನ್ನು ಆ ಕಡೆಗೆ ಎಳೆದುಕೊಂಡಳು.

ಅಷ್ಟು ನೋಡಿದ ಮೇಲೆ ಮುದುಕಿಗೆ ತಡೆಯಲಾಗಲಿಲ್ಲ.

"ಯಾರೂ ಬಿಟ್ಟು ಹೋಗಲಿಲ್ಲ," ಎಂದಳು. "ಹಣ್ಣು ಕದಿಯಾಕ ಹೋಗಿದ್ದೆ ನಾನು. ಈ ಹುಡುಗ ಬೆನ್ನು ತಿರುಗಿಸಿದ್ದು ನೋಡಿ, ಕೆರ ಕೈ‍ಯಾಗ ಹಿಡ್ಕೊಂಡು ಹೋದೆ. ಇವಂದೇನೂ ತಪ್ಪಿಲ್ಲ. ಬ್ಯಾಡ ಅಂದಿದ್ರು, ನಾನ ಕೇಳಲಿಲ್ಲ. ಆಮ್ಯಾಲ ಸುಳ್ಳು ಹೇಳಿದೆ."

ಶಿವಯೋಗಪ್ಪ, "ಅಕ್ಕಾ, ನೀನಾ?" ಎಂದ. ಬಳಗದ ಲಾಡುಗಳೆಲ್ಲ ಅವನ ಕಣ್ಣ ಮುಂದೆ ಹಾದುಹೋದಂತೆ ಕಂಡಿತು.

"ನಾನ. ಎಲ್ಲಾರೂ ನೆಟ್ಟಗ ಅದಾರ ಇಲ್ಲಿ, ನನ್ನ ಬಿಟ್ಟು. ನನ್ನ ಹುಡುಕಿದಾಕಿ ಇವಳು. ದೊಡ್ಡೋರು ಬಂಡೆ ಹತ್ತಿ ಫೋನ್ ಮಾಡಾಕತ್ತಿದ್ರು, ಇವಳು ಹುಡುಗ್ರನ್ನ ಕಳಿಸಿ, ತಾನ ಬಂದು ಕರ್ಕೊಂಬಂದ್ಲು. ಧಾರವಾಡದಾಗ ಇವಳನ್ನ ಯಾರು ನೋಡ್ಕೊಂತಾರ ಅಂತ ಕೇಳ್ತೀಯಲ್ಲ ಶಿವಯೋಗಿ, ಇವಳ ಇನ್ನೊಂದು ನಾಕು ಮಂದೀನ್ನ ನೋಡ್ಕೊಂತಾಳ." ದಾಕ್ಷಾಯಣಮ್ಮ ಮಗನ ಕಡೆ ತಿರುಗಿದಳು. ಸೆರಗು ಕೊಡವಿ ನೆಟ್ಟಗೆ ನಿಂತಳು. "ಕಳಿಸಪಾ."

ಅಮರೇಶ ರೂಢಿಯಂತೆ ಸುತ್ತ ನೋಡಿದ. ಎದ್ದು ಹೋಗಲು ಅಲ್ಲಿ ಅಂಗಡಿ ಇರಲಿಲ್ಲ. ಆಮೇಲೆ, ಬಹುಶಃ ಜೀವಮಾನದಲ್ಲಿ ಮೊದಲ ಸಲ, ಯಾರ ಮುಖವನ್ನೂ ನೋಡದೆ ಮಾತಾಡಿದ.

"ಅರ್ಚನಾ, ಇನ್ನೊಂದು ದಿನ ಐತಲ್ಲ, ನೀ ಮುಗಿಸ್ಕೊಂಡು ಬಾ. ಅವ್ವಾ, ನೀ ಕಾರು ಹತ್ತು. ಮನಿಗೆ ನಡಿ."

ಹೀಗೆ ಕಾಯಲು ಬಂದವಳನ್ನು ಕರೆದುಕೊಂಡು ಹೋದರು, ಕಾಯಿಸಿಕೊಳ್ಳಬೇಕಾದವಳು ಕಾಡಿನಲ್ಲಿ ಉಳಿದಳು. ತಿಪ್ಪೇಶ ಚಾಪೆ, ಜಮಖಾನ, ಬೀಗ ಎಲ್ಲವನ್ನೂ ಡಿಕ್ಕಿಗೆ ತುಂಬಿದ. ಉಳಿದ ರೊಟ್ಟಿಗಳನ್ನು ದಾಕ್ಷಾಯಣಮ್ಮ ಅವನ ಕೈಗೇ ಕೊಟ್ಟು, "ಸಿಟ್ಟಾಗಬ್ಯಾಡಪಾ ನನ್ ಮ್ಯಾಲ," ಎಂದಳು. ಅರ್ಚನಾ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ, ಕಾಲಿಗೆ ಹತ್ತಿದ್ದ ಮುಳ್ಳೊಂದನ್ನು ಬಗ್ಗಿ ಕಿತ್ತು, ಹಣೆಗೆ ಹಣೆ ಹಚ್ಚಿ ಒಂದು ಗಳಿಗೆ ನಿಂತಳು. ಅಷ್ಟು ಹೊತ್ತು ಮಾತಿಲ್ಲದೆ ದಾಕ್ಷಾಯಣಮ್ಮ ಎಂದೂ ಇದ್ದವಳಲ್ಲ.

ಕಾರು ಕೂಡ್ಲಿಗಿಯ ಕಡೆ ಓಡಿತು. ಅಕ್ಕನ ಮೇಲೆ ಮುನಿಸಿಕೊಂಡು ಮುಂದೆ ಕೂತಿದ್ದ ಶಿವಯೋಗಪ್ಪ ಕಿಟಕಿಯ ಗಾಜು ಇಳಿಸಿದ, ಏರಿಸಿದ. ಆಮೇಲೆ ರಸ್ತೆ ನೋಡುತ್ತಲೇ, "ಹಣ್ಣು ಸೀಯಿದ್ವೇನು?" ಎಂದು ಕೇಳಿದ.

"ಬಾಳ ಸೀಯಿದ್ವು," ಎಂದಳು ದಾಕ್ಷಾಯಣಮ್ಮ. ಹೇಳುತ್ತ ಹೇಳುತ್ತಲೇ ಅಳು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ.

ಅಮರೇಶ ಕನ್ನಡಿಯಲ್ಲಿ ನೋಡಿ ಕಾರು ನಿಧಾನ ಮಾಡಿದ. "ಯಾಕ ಅಳ್ತೀ ಅವ್ವಾ? ಯಾರೂ ಬಲವಂತ ಮಾಡಲಿಲ್ಲ. ಕಳಿಸು ಅಂತ ನೀನ ಅಂದಿ."

"ಅಂದೆ," ಎಂದಳು ಮುದುಕಿ. "ಅಂದದ್ದಕ್ಕ ಅಳಾಕತ್ತೀನಿ. ನೀ ಮುಂದ ನೋಡಿ ಹೊಡಿ."